ಗಾಡಿ, ಎಣ್ಣಿ, ಹೊಗಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆದಾಗ ನಮ್ಮ ಕಡೆ ಬಿಸಿಲು, ಗಾಡಿ ಹೊಗಿ, ಹವಾಮಾನ ಬದಲಾವಣೆ ಅಂತ ಒಂದು ಪುಟ ಬರೆದಿದ್ದೆ, ಒಂದು ಲೀಟರ್ ಪೆಟ್ರೋಲ್ ಸುಟ್ರ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗ ಬರ್ತೈತಿ, ಡೀಸೆಲ್ ಆದ್ರ 2.7 ಕೆಜಿ ಹತ್ರ ಅಂತ ಹೇಳಿದ್ದೆ. ಒಂದು ಲೀಟರ್ ಒಂದು ಕೆಜಿನೂ ತೂಗಂಗಿಲ್ಲ, ಎರಡು ಕೆಜಿ ಮ್ಯಾಲ ಹೊಗಿ ಹೆಂಗ ಬರ್ತೈತಿ ಅಂತ ಭಾಳ ಮಂದಿ ಕೇಳ್ಯಾರ. ಪೆಟ್ರೋಲ್‌ದಾಗಿನ ಇಂಗಾಲ ಸುಡುವಾಗ ಗಾಳಿಯೊಳಗಿನ ಆಮ್ಲಜನಕ ಹಿಡ್ಕೊಂತೈತ್ರಿ, ತೂಕ ಆ ಆಮ್ಲಜನಕದ್ದು. ಉಳಿದ ಪ್ರಶ್ನೆ ಭಾಳ ಅದಾವ, ಬಳ್ಳಾರಿ ರಾಯಚೂರು ಕೊಪ್ಪಳದ್ದಾ ಹೆಚ್ಚು. ಆರು ಆರಿಸ್ಕೊಂಡೀನಿ.

ನನ್ನ ಬೈಕ್ 2016ರ ಮಾಡೆಲ್. ಎಥನಾಲ್ ಪೆಟ್ರೋಲ್ ಬಂದ ಮ್ಯಾಲ ಮೈಲೇಜ್ ಕಮ್ಮಿ ಆಗೈತಿ, ಇನ್ನ ಎಂಜಿನ್ನೂ ಹೋಗ್ತೈತಿ ಅಂತ ಮೆಕ್ಯಾನಿಕ್ ಹೆದರಸ್ಯಾನ. ನಾ ಈಗಷ್ಟ ಡಿಗ್ರಿ ಮುಗಿಸೀನಿ, ಹೊಸಾದು ತಗೊಳ್ಳಾಕ ಆಗಂಗಿಲ್ಲ. ಏನ್ ಮಾಡ್ಲಿ ಸರ್? (ಸಿರುಗುಪ್ಪ)

ಮೈಲೇಜ್ ಮಾತು ಖರೆ ಐತಿ ತಮ್ಮಾ. ಎಥನಾಲ್ ಅಂದ್ರ ಕಬ್ಬು, ಧಾನ್ಯ ಕೊಳಿಸಿ ಮಾಡೋ ಸ್ಪಿರಿಟ್, ಒಂದು ಲೀಟರ್‌ದಾಗ ಇರೋ ಶಕ್ತಿ ಪೆಟ್ರೋಲಿನ ಮೂರು ಪಾಲಿನಾಗ ಎರಡು ಪಾಲು ಅಷ್ಟ. 2022ರ ಜೂನ್‌ಗೆ ದೇಶದಾಗ ಪೆಟ್ರೋಲಿಗೆ 10 ಪರ್ಸೆಂಟ್ ಎಥನಾಲ್ ಬೆರಕಿ ಆತು, 2023ರ ಫೆಬ್ರವರಿಯಾಗ ಕೆಲವು ಬಂಕಿನ್ಯಾಗ 20 ಪರ್ಸೆಂಟಿನ ಇ20 ಶುರು ಆತು, 2025ರ ಹೊತ್ತಿಗೆ ಎಲ್ಲಾ ಕಡೆ ಅದಾ ಆಗೈತಿ. ನೀತಿ ಆಯೋಗದ 2021ರ ವರದಿಯಾಗ ಇ20 ಹಾಕಿದ್ರ ಹಳೇ ಟೂ ವೀಲರ್‌ಗೆ 3ರಿಂದ 4 ಪರ್ಸೆಂಟ್, ಹಳೇ ಕಾರಿಗೆ 6ರಿಂದ 7 ಪರ್ಸೆಂಟ್ ಮೈಲೇಜ್ ಇಳೀಬಹುದು ಅಂತ ಅವರಾ ಬರದಾರ. ಅಂದ್ರ 50 ಕೊಡೋ ಬೈಕ್ 48 ಕೊಟ್ರ ಅದು ಎಥನಾಲಿಂದು, 40ಕ್ಕ ಇಳಿದ್ರ ಬ್ಯಾರೆ ಏನೋ ಆಗೈತಿ, ಏರ್ ಫಿಲ್ಟರ್, ಚೈನ್, ಟೈರ್ ಗಾಳಿ ಮೊದ್ಲು ನೋಡಿಸು.

ಎಂಜಿನ್ ಒಮ್ಮೆಗೇ ಹೋಗಂಗಿಲ್ಲ. ತೊಂದ್ರೆ ಆಗೋದು ರಬ್ಬರಿಗೆ. ಪೆಟ್ರೋಲ್ ಪೈಪು, ಕಾರ್ಬೊರೇಟರ್ ಒಳಗಿನ ವಾಷರ್, ಓ ರಿಂಗ್, ಇವು 2023ರ ಏಪ್ರಿಲ್‌ಗಿಂತ ಮೊದ್ಲಿನ ಎಷ್ಟೋ ಗಾಡಿಯಾಗ ಇ20ಗೆ ಅಂತ ಮಾಡಿದ್ದಲ್ಲ, ಉಬ್ಬತಾವ, ಬಿರಕ ಬಿಡ್ತಾವ. ಎಲ್ಲಾ ಸೇರಿದ್ರೂ ದೊಡ್ಡ ಖರ್ಚಲ್ಲ, ಒಮ್ಮೆ ಬದಲಿ ಮಾಡಿಸಿಬಿಡು. ಇನ್ನೊಂದು, ಎಥನಾಲ್ ನೀರು ಹೀರ್ಕೊಂತೈತಿ, ಮಳಿಗಾಲದಾಗ ಅರ್ಧ ಟ್ಯಾಂಕ್ ಹಾಕಿ ಗಾಡಿ ಎರಡು ಮೂರು ತಿಂಗಳು ನಿಲ್ಲಿಸಿದ್ರ ನೀರು ಎಥನಾಲ್ ಎರಡೂ ಕೂಡಿ ತಳಕ್ಕ ಕುಂತ್ಕೊಂತಾವ, ಆಮ್ಯಾಲ ಸ್ಟಾರ್ಟ್ ಮಾಡಿದ್ರ ಎಂಜಿನ್ ಕೆಮ್ಮತೈತಿ. ನನ್ನ ಹತ್ರ ಡಿಪ್ಲೊಮಾ ಓದೋ ಹುಡುಗ ಒಬ್ಬ ಹಿಂಗಾ ನಿಲ್ಲಿಸಿದ್ದ ಬೈಕ್ ತಂದಿದ್ದ, ಟ್ಯಾಂಕಿನ ಪೆಟ್ರೋಲ್ ಬಾಟಲಿಗೆ ಬಸಿದು ನೋಡಿದ್ರ ಕೆಳಗ ಎರಡು ಬೆರಳು ಬ್ಯಾರೆ ನೀರು ಕಾಣ್ತಿತ್ತು. ದಿನಾ ಓಡಿಸೋ ಗಾಡಿಗೆ ಈ ಹೆದರಿಕಿ ಇಲ್ಲ.

ನಾವು ಶಕ್ತಿನಗರದ ಹತ್ರ ಇರ್ತೀವಿ. ಅಂಗಳದಾಗ ಒಗದ ಬಟ್ಟಿ ಒಣಗಿಸಿದ್ರ ಬೂದಿ ಕೂಡ್ತೈತಿ. ರಾಯಚೂರಾಗ ನಮ್ಮ ಅಣ್ಣನ ಮಗಳು ಕರೆಂಟ್ ಸ್ಕೂಟರ್ ತಗೊಂಡು ನಂದು ಹೊಗಿ ಇಲ್ಲದ ಗಾಡಿ ಅಂತಾಳ. ಆ ಹೊಗಿ ನಮ್ಮ ಮನಿ ಮ್ಯಾಲ ಬೀಳ್ತೈತಿ ಅಂತ ಆಕಿಗೆ ಯಾರ್ ಹೇಳ್ಬೇಕ್ರಿ? (ಒಬ್ಬ ಗೃಹಿಣಿ, ರಾಯಚೂರು ತಾಲೂಕು)

ಅಕ್ಕಾರ, ಬಂದಿದ್ರೊಳಗ ಇದಾ ದೊಡ್ಡ ಪ್ರಶ್ನೆ, ಎರಡು ದಿನ ಇಟ್ಕೊಂಡು ಲೆಕ್ಕ ಹಾಕೀನಿ. ನಿಮ್ಮ ಶಕ್ತಿನಗರದಾಗಿನ ರಾಯಚೂರು ಶಾಖೋತ್ಪನ್ನ ಕೇಂದ್ರ, ಅಂದ್ರ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋದು, 1720 ಮೆಗಾವ್ಯಾಟ್ ಇಂದು, ಯರಮರಸ್‌ದು 1600, ಬಳ್ಳಾರಿ ಕುಡತಿನಿಯದು 1700. ಈ ಎರಡು ಜಿಲ್ಲಾದಾಗ ಸುಡೋ ಕಲ್ಲಿದ್ದಲು ರಾಜ್ಯದ ತುಂಬ ದೀಪ ಹಚ್ಚತೈತಿ, ಬೂದಿ ಮಾತ್ರ ಇಲ್ಲೇ ಉಳೀತೈತಿ. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೂದೀನಾ ಇರ್ತೈತ್ರಿ. ಹಂಗಾಗಿ ನಿಮ್ಮ ಸಿಟ್ಟು ನ್ಯಾಯದ್ದು ಐತಿ.

ಈಗ ಲೆಕ್ಕ. ಪೆಟ್ರೋಲ್ ಸ್ಕೂಟರ್ 45 ಕಿಮೀ ಕೊಡ್ತೈತಿ ಅಂತ ಹಿಡಿರಿ, ಕಿಮೀಗೆ 51 ಗ್ರಾಂ ಕಾರ್ಬನ್ ಡೈಆಕ್ಸೈಡ್, ಕಚ್ಚಾ ಎಣ್ಣಿ ತಗಿಯೋದು ಶುದ್ಧ ಮಾಡೋದು ಟ್ಯಾಂಕರಿನ್ಯಾಗ ತರೋದು ಎಲ್ಲಾ ಸೇರಿಸಿದ್ರ 60 ಗ್ರಾಂ ಹತ್ರ. ಕರೆಂಟ್ ಸ್ಕೂಟರ್ ಗೋಡಿ ಪ್ಲಗ್ಗಿನಿಂದ ಒಂದು ಯೂನಿಟ್ ಎಳಕೊಂಡ್ರ ಸುಮಾರು 30 ಕಿಮೀ ಓಡ್ತೈತಿ. ದೇಶದ ಕರೆಂಟಿನ ಸರಾಸರಿ ಹಿಡಿದ್ರ ಒಂದು ಯೂನಿಟ್‌ಗೆ 0.7 ಕೆಜಿ ಆಸುಪಾಸು ಕಾರ್ಬನ್ ಡೈಆಕ್ಸೈಡ್, ಅಂದ್ರ ಕಿಮೀಗೆ 23 ಗ್ರಾಂ, ತಂತಿಯಾಗ ಸೋರೋದೂ ಸೇರಿಸಿದ್ರ 25ರಿಂದ 28. ಬ್ಯಾಡ, ಬರೇ ಶಕ್ತಿನಗರದ ಕಲ್ಲಿದ್ದಲಿಂದಾನಾ ಚಾರ್ಜ್ ಮಾಡಿದ್ಲು ಅಂತ ಹಿಡಿದ್ರೂ ಯೂನಿಟ್‌ಗೆ ಒಂದು ಕೆಜಿ, ಕಿಮೀಗೆ 33ರಿಂದ 40 ಗ್ರಾಂ. ಹೆಂಗ ನೋಡಿದ್ರೂ ಪೆಟ್ರೋಲಿಗಿಂತ ಕಮ್ಮಿ. ಯಾಕಂದ್ರ ಪೆಟ್ರೋಲ್ ಎಂಜಿನ್ ಉರಿಸಿದ್ದರೊಳಗ ಕಾಲು ಭಾಗ ಅಷ್ಟ ಚಕ್ರಕ್ಕ ಕೊಡ್ತೈತಿ, ಉಳಿದಿದ್ದು ಸೈಲೆನ್ಸರ್ ಬಿಸಿ, ಎಂಜಿನ್ ಬಿಸಿ ಆಗಿ ಹೋಗ್ತೈತಿ. ಮೋಟಾರ್ ಆದ್ರ ನೂರಕ್ಕ 85ರಿಂದ 90 ಪಾಲು ಚಕ್ರಕ್ಕಾ ಕೊಡ್ತೈತಿ. ಕಲ್ಲಿದ್ದಲು ಕೇಂದ್ರದಾಗ ಮೂರನೇ ಎರಡು ಪಾಲು ಶಾಖ ಹಾಳಾದ್ರೂ ಕಡೀಗೆ ಲೆಕ್ಕ ಕರೆಂಟಿನ ಕಡೀಗಾ ಬೀಳ್ತೈತಿ. ಬ್ಯಾಟರಿ ಮಾಡುವಾಗಿನ ಹೊಗಿ ಬ್ಯಾರೆ ಐತಿ, ಸ್ಕೂಟರಿನ ಸಣ್ಣ ಬ್ಯಾಟರಿಗೆ ಅದು ಇನ್ನೂರು ಮುನ್ನೂರು ಕೆಜಿ, ಹತ್ತು ಸಾವಿರ ಕಿಮೀ ಓಡೋದ್ರಾಗ ತೀರಿ ಹೋಗ್ತೈತಿ.

ಹಂಗಂತ ನಿಮ್ಮ ಅಣ್ಣನ ಮಗಳು ಹೊಗಿ ಇಲ್ಲದ ಗಾಡಿ ಅನ್ನೋದು ತಪ್ಪು. ತೀನ್ ಕಂದೀಲ್ ಸರ್ಕಲಿನ್ಯಾಗ ಹೊಗಿ ಇಲ್ಲ, ಅಷ್ಟ. ಅದು ಕಮ್ಮಿ ಆಗಿ ನಿಮ್ಮ ಕಡೆ ಸರದೈತಿ. ಕಾರ್ಬನ್ ಎಲ್ಲಿ ಬಿಟ್ರೂ ಭೂಮಿಗೆ ಒಂದಾ, ಬೂದಿ ಮತ್ತ ಗಂಧಕ ಹಂಗಲ್ಲ, ಅವು ಹತ್ರ ಇದ್ದವರ ಎದಿಗೆ ಹೋಗ್ತಾವ. 2015ರ ಡಿಸೆಂಬರ್‌ನ್ಯಾಗ ಕೇಂದ್ರ ಸರ್ಕಾರ ಕಲ್ಲಿದ್ದಲು ಕೇಂದ್ರಗಳ ಗಂಧಕದ ಹೊಗಿಗೆ ಮಿತಿ ಹಾಕ್ತು, ಆಮ್ಯಾಲ ಗಡುವು ಮುಂದ ಹಾಕ್ಕೋತ ಹಾಕ್ಕೋತ ಹತ್ತು ವರ್ಷ ಆತು. ಕರೆಂಟ್ ಗಾಡಿ ಬೇಕು ಅನ್ನೋ ನಾವೆಲ್ಲ ಶಕ್ತಿನಗರದವರ ಪರವಾಗಿ ಇದನ್ನ ಕೇಳ್ಲೇಬೇಕು, ಗಾಡಿ ನಮ್ಮದು ಬೂದಿ ನಿಮ್ಮದು ಅಂದ್ರ ನಡಿಯಂಗಿಲ್ಲ.

ಆಕಿಗೆ ಒಂದು ಮಾತು ಹೇಳ್ರಿ. ಕೊಪ್ಪಳ ಗದಗ ಕಡೆ ಗಾಳಿ ಗಿರಣಿ ಜೋರು ತಿರುಗೋದು ಜೂನ್‌ನಿಂದ ಸೆಪ್ಟೆಂಬರ್, ಸೋಲಾರ್ ಬರೋದು ಹಗಲಿನ್ಯಾಗ. ಸಂಜಿ ಏಳರಿಂದ ಹತ್ತರ ತನಕ ಎಲ್ಲರ ಮನಿ ಫ್ಯಾನು ಕೂಲರ್ ಓಡುವಾಗ ಸೂರ್ಯ ಇರಂಗಿಲ್ಲ, ಕಲ್ಲಿದ್ದಲಿನ ಮ್ಯಾಲ ಭಾರ ಬೀಳ್ತೈತಿ. ಆ ಹೊತ್ತು ಬಿಟ್ಟು ಬೆಳಿಗ್ಗೆ ಒಂಬತ್ತರ ಮ್ಯಾಲ ಚಾರ್ಜ್ ಹಾಕಿದ್ರ ಅದಾ ಸ್ಕೂಟರ್ ಇನ್ನೂ ಸ್ವಚ್ಛ ಆಗ್ತೈತಿ. ಮಾಳಿಗಿ ಮ್ಯಾಲ ಒಂದು ಕಿಲೋವ್ಯಾಟ್ ಸೋಲಾರ್ ಇದ್ರ ದಿನಕ್ಕ ಸುಮಾರು ನಾಕು ಯೂನಿಟ್, ಸ್ಕೂಟರಿಗೆ ಬೇಕಾಗೋದು ಒಂದು. 2024ರಾಗ ಶುರುವಾದ ಪಿಎಂ ಸೂರ್ಯಘರ್ ಯೋಜನಿಯಾಗ ಮೂರು ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ ಇಟ್ಟಾರ. ನಮ್ಮ ಬಿಸಿಲಿಗೆ ಬೈಕೊಂತ ಕುಂದರೋದಕ್ಕಿಂತ ಅದನ್ನ ಮಾಳಿಗಿ ಮ್ಯಾಲ ಹಿಡ್ಕೊಳ್ಳೋದು ಚೊಲೊ.

ಎಥನಾಲ್ ಫ್ಯಾಕ್ಟರಿ ಬಂದ್ರ ನಮ್ಮ ಭತ್ತ, ಗೋವಿನಜೋಳಕ್ಕ ರೇಟ್ ಸಿಗ್ತೈತಿ, ಭೂಮಿಗೂ ಒಳ್ಳೇದು, ರೈತಗೂ ಒಳ್ಳೇದು ಅಂತಾರ. ನಾ ತುಂಗಭದ್ರಾ ಎಡದಂಡೆ ಕಾಲುವೆ ಕೊನೆ ಭಾಗದವ. ನಿಮ್ಮ ಅಭಿಪ್ರಾಯ ಏನು? (ಮಾನ್ವಿ)

ಗೌಡ್ರ, ರೈತಗೆ ರೇಟ್ ಸಿಗ್ಬೇಕು ಅನ್ನೋದ್ರಾಗ ಎರಡು ಮಾತಿಲ್ಲ. ಆದ್ರ ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರ್ತೈತಿ, ನುಚ್ಚಕ್ಕಿ ಆದ್ರ 450 ಹತ್ರ, ಅಂದ್ರ ಲೀಟರಿಗೆ ಎರಡು ಕೆಜಿ ಮ್ಯಾಲ ಅಕ್ಕಿ. ಒಂದು ಕೆಜಿ ಅಕ್ಕಿ ಬೆಳಿಯಾಕ ಎಷ್ಟು ನೀರು ಬೇಕು ಅಂತ ನಾ ನಿಮಗ ಹೇಳ್ಬೇಕಾಗಿಲ್ಲ, ಸಾವಿರಾರು ಲೀಟರ್. ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡಿತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದೈತಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಕೊನೆ ಭಾಗದವರ ಎದಿ ಹೆಂಗ ಹೊಡಕೊಂಡಿತ್ತು ಅಂತ ನೀವಾ ಅನುಭವಿಸೀರಿ. ಆ ನೀರಿನ್ಯಾಗ ಕಾರಿಗೆ ಅಂತ ಭತ್ತ ಬೆಳೀರಿ ಅಂತ ನಾ ಯಾವತ್ತೂ ಹೇಳಂಗಿಲ್ಲ. ಮಿಲ್ಲಿನ್ಯಾಗ ಉಳಿಯೋ ನುಚ್ಚು, ಕೆಟ್ಟ ಅಕ್ಕಿ ಹೋದ್ರ ಹೋಗ್ಲಿ.

ನನ್ನ ಕಣ್ಣು ಹುಲ್ಲಿನ ಮ್ಯಾಲ ಐತ್ರಿ. ಹರಿಯಾಣದ ಪಾಣಿಪತ್‌ನ್ಯಾಗ ಭತ್ತದ ಹುಲ್ಲಿಂದ ಎಥನಾಲ್ ಮಾಡೋ ಘಟಕ 2022ರ ಆಗಸ್ಟ್‌ನ್ಯಾಗ ಉದ್ಘಾಟನೆ ಆತು, ವರ್ಷಕ್ಕ 2 ಲಕ್ಷ ಟನ್ ಹುಲ್ಲು ತಗೊಂಡು 3 ಕೋಟಿ ಲೀಟರ್ ಮಾಡೋ ಲೆಕ್ಕದ್ದು. ಟನ್ನಿಗೆ 150 ಲೀಟರ್ ಆತು. ಹುಲ್ಲಿನ ಗಟ್ಟಿ ನಾರು ಒಡೆದು ಸಕ್ಕರಿ ಮಾಡೋದು ಕಷ್ಟದ ಕೆಲಸ, ಖರ್ಚಿಂದು, ಅಕ್ಕಿ ಕೊಳಿಸಿದಷ್ಟು ಸುಲಭ ಅಲ್ಲ. ಆದ್ರ ಸಿಂಧನೂರು ಗಂಗಾವತಿ ಕಡೆ ಮಷಿನ್ ಕೊಯ್ಲು ಆದ ಮ್ಯಾಲ ಎಷ್ಟು ಗದ್ದಿಗೆ ಬೆಂಕಿ ಹಚ್ಚತಾರ ನೋಡ್ರಿ, ರಾತ್ರಿ ಬಸ್ಸಿನ್ಯಾಗ ಹೊಂಟ್ರ ಎರಡೂ ಕಡೆ ಕೆಂಪು ಗೆರಿ ಕಾಣ್ತೈತಿ. ದನಕ್ಕ ಬೇಕಾದಷ್ಟು ಇಟ್ಕೊಂಡು ಸುಡೋ ಹುಲ್ಲಿಗೆ ಯಾರಾದ್ರೂ ದುಡ್ಡು ಕೊಟ್ರ ಅದು ಹೆಚ್ಚಿಗಿ ನೀರು ಬೇಡದ ಎಣ್ಣಿ. ಫ್ಯಾಕ್ಟರಿಯವರು ಊರಿಗೆ ಬಂದು ಸಭಾ ಮಾಡಿದ್ರ ಎರಡಾ ಕೇಳ್ರಿ, ಕಚ್ಚಾ ಮಾಲು ಯಾವುದು, ದಿನಕ್ಕ ನೀರು ಎಷ್ಟು ಮತ್ತ ಎಲ್ಲಿಂದ.

ಸರ್ ನಾ ರಾಯಚೂರು ಸ್ಟೇಷನ್ ಹತ್ರ ಆಟೋ ಓಡಸ್ತೀನಿ. ಗ್ಯಾಸ್ ಕಿಟ್ ಐತಿ, ಕೆಲವೊಮ್ಮೆ ಮನಿ ಸಿಲಿಂಡರಿಂದ ತುಂಬಿಸ್ಕೊಂತೀವಿ, ಎಲ್ಲರೂ ಮಾಡ್ತಾರ. ಈಗ ಕರೆಂಟ್ ಆಟೋ ತಗೊ ಅಂತಾರ, ಸಿಎನ್‌ಜಿ ತಗೊ ಅಂತಾರ. ಈ ಬಿಸಿಲಿಗೆ ಬ್ಯಾಟರಿ ಉಳಿತೈತೇನ್ರಿ?

ಅಣ್ಣಾ, ಮೊದ್ಲು ಸಿಲಿಂಡರಿಂದು ಬಿಟ್ಟುಬಿಡ್ರಿ, ಕೈ ಮುಗಿದು ಹೇಳ್ತೀನಿ. ಮನಿ ಸಿಲಿಂಡರ್‌ನಿಂದ ಆಟೋ ಟ್ಯಾಂಕಿಗೆ ಪೈಪ್ ಹಚ್ಚಿ ತುಂಬಿಸೋದು ಕಾನೂನಿನ ತಪ್ಪು ಒಂದು ಕಡೆ, ಗ್ಯಾಸ್ ಗಾಳಿಗಿಂತ ಭಾರ ಇರ್ತೈತಿ, ಸೋರಿದ್ದು ಮ್ಯಾಲ ಹಾರಿ ಹೋಗಂಗಿಲ್ಲ, ನೆಲದ ಮ್ಯಾಲ ಹರಕೊಂಡು ಒಲಿ ಎಲ್ಲೈತಿ ಅಲ್ಲಿ ತನಕ ಹೋಗ್ತೈತಿ. ಓಣಿಯಾಗ ಮಕ್ಳು ಆಡ್ತಿರ್ತಾವ. ಎಲ್ಲರೂ ಮಾಡ್ತಾರ ಅನ್ನೋದು ಬೆಂಕಿಗೆ ಗೊತ್ತಾಗಂಗಿಲ್ಲ.

ಸಿಎನ್‌ಜಿ ಪೆಟ್ರೋಲಿಗಿಂತ ಕಾರ್ಬನ್ ನಾಲ್ಕನೇ ಒಂದು ಪಾಲು ಕಮ್ಮಿ ಬಿಡ್ತೈತಿ, ಹೊಗಿನೂ ಕಣ್ಣಿಗೆ ಉರಿಯಂಗಿಲ್ಲ. ಆದ್ರ ಅದು ಮೀಥೇನ್, ಸುಡದಾ ಸೋರಿದ್ರ ನೂರು ವರ್ಷದ ಲೆಕ್ಕದಾಗ ಕಾರ್ಬನ್ ಡೈಆಕ್ಸೈಡ್‌ಗಿಂತ 28 ಪಟ್ಟು ಆಸುಪಾಸು ಬಿಸಿ ಹಿಡಿತೈತಿ, ಹಂಗಾಗಿ ಕಿಟ್ ಜಾಯಿಂಟ್ ಚೆಕ್ ಮಾಡಿಸೋದು ಬಿಡಬಾರ್ದು. ನಿಮ್ಮಂಗ ಸ್ಟೇಷನ್‌ನಿಂದ ಬಸ್‌ಸ್ಟ್ಯಾಂಡ್, ಅಲ್ಲಿಂದ ಆಸ್ಪತ್ರಿ ಅಂತ ಊರೊಳಗ ನಿಂತು ನಿಂತು ಓಡಿಸೋರಿಗೆ ಕರೆಂಟ್ ಆಟೋ ಸರಿ, ಯಾಕಂದ್ರ ನಿಂತಾಗ ಅದು ಏನೂ ತಿನ್ನಂಗಿಲ್ಲ. ಒಂದು ಯೂನಿಟ್ಟಿಗೆ ಹತ್ತು ಹನ್ನೆರಡು ಕಿಮೀ ಹೋಗ್ತೈತಿ. ಹಳ್ಳಿ ಕಡೆ ಟಂಟಂ ಹೊಡೆಯೋರು, ದಿನಕ್ಕ ನೂರೈವತ್ತು ಕಿಮೀ ದಾಟೋರು ಸ್ವಲ್ಪ ತಡೀರಿ, ದಾರಿಯಾಗ ಚಾರ್ಜಿಂಗ್ ಎಲ್ಲೈತಿ ಅಂತ ಖುದ್ದು ನೋಡ್ಕೊಂಡು ಬರ್ರಿ.

ಬಿಸಿಲಿಂದು ಖರೆ. ನನ್ನ ಕರೆಂಟ್ ಸ್ಕೂಟರ್ ಒಂದು ಏಪ್ರಿಲ್ ಪೂರ್ತಿ ಬಿಸಿಲಾಗ ನಿಂತು ನಿಂತು ಮೊದ್ಲು 85 ಕಿಮೀ ಹೋಗ್ತಿದ್ದದ್ದು ಎಪ್ಪತ್ತಕ್ಕ ಇಳಿದಿತ್ತು, ಅದ್ರಾಗ ಸ್ವಲ್ಪ ಅಷ್ಟ ವಾಪಸ್ ಬಂತು, ಉಳಿದಿದ್ದು ಹೋತು. ಶೋರೂಮಿನ್ಯಾಗ ಯಾರೂ ಇದನ್ನ ಮೊದ್ಲಾ ಹೇಳಿರಲಿಲ್ಲ, ಅದಕ್ಕ ನಾ ಈಗ ಸಿಕ್ಕಸಿಕ್ಕವರಿಗೆಲ್ಲಾ ಹೇಳ್ತೀನಿ. ಬೇವಿನ ಗಿಡದ ನೆರಳಾದ್ರೂ ಆತು, ನೆರಳಿಗೆ ನಿಲ್ಲಸ್ರಿ. ಓಡಿಸಿ ಬಂದ ತಕ್ಷಣ ಚಾರ್ಜ್ ಹಾಕಬ್ಯಾಡ್ರಿ, ಒಂದು ತಾಸು ಆರಲಿ. ತುಂಬ ಚಾರ್ಜ್ ಮಾಡಿ ಬಿಸಿಲಾಗ ಬಿಡೋದು ಎಲ್ಲಕ್ಕಿಂತ ಕೆಟ್ಟದ್ದು. ತಗೊಳ್ಳುವಾಗ ಬ್ಯಾಟರಿ ಯಾವ ಜಾತೀದು ಕೇಳ್ರಿ, ಎಲ್‌ಎಫ್‌ಪಿ ಅಂದ್ರ ಕಬ್ಬಿಣದ ಫಾಸ್ಫೇಟ್ ಇದ್ದದ್ದು, ತೂಕ ಜಾಸ್ತಿ, ಆದ್ರ ಶಾಖ ತಡಿತೈತಿ, ಬೆಂಕಿ ಹತ್ತೋದು ಕಮ್ಮಿ. ನಮ್ಮ ಕಡೀಗೆ ಅದಾ ಬೇಕು. ವಾರಂಟಿ ವರ್ಷದ ಜೊತಿ ಕಿಮೀನೂ ಬರದಿರ್ತಾರ, ಆಟೋದವರಿಗೆ ಕಿಮೀ ಮೊದ್ಲು ಮುಗೀತೈತಿ, ಅದನ್ನ ಓದಿಸ್ಕೊಂಡಾ ಸಹಿ ಮಾಡ್ರಿ.

ನಮ್ಮ ಹೊಲದ ಬದುವಿನ್ಯಾಗ ಇಪ್ಪತ್ತು ಹೊಂಗೆ ಗಿಡ ಅದಾವ. ಹೊಂಗೆ ಎಣ್ಣಿ ಟ್ರ್ಯಾಕ್ಟರ್‌ಗೆ ಹಾಕಬಹುದಾ? (ಕುಷ್ಟಗಿ)

ಹಂಗಾ ಗಾಣದಿಂದ ತಂದು ಹಾಕಬ್ಯಾಡ್ರಿ. ಎಣ್ಣಿ ದಪ್ಪ ಇರ್ತೈತಿ, ಇಂಜೆಕ್ಟರ್ ಕಟ್ಟತೈತಿ, ಹೊಸ ಟ್ರ್ಯಾಕ್ಟರ್ ಆದ್ರ ಸಾವಿರಾರು ರೂಪಾಯಿ ಪಂಪು ಹೋಗ್ತೈತಿ. ಮೆಥನಾಲ್ ಸೇರಿಸಿ ಗ್ಲಿಸರಿನ್ ಬ್ಯಾರೆ ಮಾಡಿ ಬಯೋಡೀಸೆಲ್ ಮಾಡಿದ ಮ್ಯಾಲ ಡೀಸೆಲ್ಲಿಗೆ ಸ್ವಲ್ಪ ಬೆರಸಬಹುದು. ಹಳೇ ಒಂದಾ ಸಿಲಿಂಡರಿನ ಪಂಪ್‌ಸೆಟ್ ಎಂಜಿನ್ ಆದ್ರ ತಡ್ಕೊಂತಾವ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣಿಲಿಂದ ಹಳ್ಳಿಯಾಗ ಜನರೇಟರ್ ಓಡಿಸಿ ತೋರ್ಸಿದ್ರು. 1900ರಾಗ ಪ್ಯಾರಿಸ್ ಪ್ರದರ್ಶನದಾಗ ಡೀಸೆಲ್ ಎಂಜಿನ್ ಒಂದನ್ನ ಶೇಂಗಾ ಎಣ್ಣಿಲಿಂದಾನಾ ಓಡಿಸಿದ್ರು, ನಮ್ಮ ಶೇಂಗಾ. ಇಪ್ಪತ್ತು ಗಿಡದ ಬೀಜ ಎಣ್ಣಿಗೆ ಮಾರ್ರಿ, ಹಿಂಡಿ ಹೊಲಕ್ಕ ಹಾಕ್ರಿ. ಹೊಲ ಪೂರಾ ಇಂಥದ್ದು ಹಚ್ಚಾಕ ಹೋಗಬ್ಯಾಡ್ರಿ, 2003ರ ಮ್ಯಾಲ ಜಟ್ರೋಫಾ ಅನ್ನೋ ಎಣ್ಣಿ ಬೀಜದ ಗಿಡ ಹಚ್ರಿ ಹಚ್ರಿ ಅಂತ ದೇಶದ ತುಂಬ ಹಚ್ಚಿಸಿದ್ರು, ನೀರಿಲ್ಲದ ಭೂಮಿಯಾಗ ಅದು ಹೇಳಿದಷ್ಟು ಕಾಯಿ ಬಿಡ್ಲಿಲ್ಲ, ಹಚ್ಚಿದವರಾ ಕಿತ್ತು ಹಾಕಿದ್ರು.

ನಮ್ಮ ಅಪ್ಪಾಜಿ ದೊಡ್ಡ ಡೀಸೆಲ್ ಕಾರ್ ತಗೊಳ್ಳಾಕ ಹೊಂಟಾರ. ನಾ ಬ್ಯಾಡ ಅಂದ್ರ, ನಾವೊಬ್ರು ತಗೊಳ್ಳಲಿಲ್ಲ ಅಂದ್ರ ಮಳಿ ಬರ್ತೈತೇನು ಅಂತಾರ. ಏನ್ ಹೇಳ್ಲಿ? ಹೈಡ್ರೋಜನ್ ಕಾರ್ ಬರ್ತಾವ, ಅಲ್ಲಿ ತನಕ ತಡೀರಿ ಅನ್ಲಾ? (ಪಿಯುಸಿ ವಿದ್ಯಾರ್ಥಿನಿ, ಗಂಗಾವತಿ)

ತಂಗೆವ್ವ, ಹೈಡ್ರೋಜನ್ ಮಾತು ಹೇಳಬ್ಯಾಡ, ಅದು ನಿನ್ನ ಮಾತನ್ನ ಸಡಿಲ ಮಾಡ್ತೈತಿ. ಕರೆಂಟಿಂದ ನೀರು ಒಡೆದು ಹೈಡ್ರೋಜನ್ ಮಾಡಿ, ಒತ್ತಿ ತುಂಬಿ, ಕಾರಿನ್ಯಾಗ ಮತ್ತ ಕರೆಂಟ್ ಮಾಡೋದ್ರಾಗ ಮೂರನೇ ಎರಡು ಪಾಲು ಕಳದು ಹೋಗ್ತೈತಿ, ಅದಾ ಕರೆಂಟ್ ಬ್ಯಾಟರಿಗೆ ಹಾಕಿದ್ರ ಎರಡು ಮೂರು ಪಟ್ಟು ದೂರ ಹೋಗಬಹುದು. ಹೈಡ್ರೋಜನ್ ಬೇಕಾಗಿರೋದು ಉಕ್ಕಿಗೆ. ತೋರಣಗಲ್ಲಿನಂಥ ಕಡೆ ಕಬ್ಬಿಣದ ಅದಿರು ಕರಗಿಸಾಕ ಕಲ್ಲಿದ್ದಲು ಬೇಕಾಗ್ತೈತಲ್ಲ, ಅಲ್ಲಿ ಅದರ ಬದಲಿ ಬಂದ್ರ ನಮ್ಮ ಭಾಗದ ಆಕಾಶಾನಾ ಬ್ಯಾರೆ ಆಗ್ತೈತಿ. 2023ರಾಗ ಕೇಂದ್ರದವರು 19,744 ಕೋಟಿಯ ಹಸಿರು ಹೈಡ್ರೋಜನ್ ಮಿಷನ್ ಮಾಡ್ಯಾರ, ಅದ್ರ ಮ್ಯಾಲ ನನಗ ಆಸೆ ಇರೋದು ಉಕ್ಕಿನ ಸಲುವಾಗಿ, ಕಾರಿನ ಸಲುವಾಗಿ ಅಲ್ಲ.

ಅಪ್ಪಾಜಿಗೆ ಬೈಯೋದು ಬ್ಯಾಡ. ಮನಿ ಮಂದಿ ಎಲ್ಲಾ ಕೂಡಿ ಹೋಗೋವಂಥ ಕಾರು ಬೇಕು ಅಂತ ಅವರಿಗೆ ಎಷ್ಟು ವರ್ಷದ ಆಸೆ ಐತೋ. ಲೆಕ್ಕ ತೋರಿಸು. ಲೀಟರಿಗೆ 12 ಕಿಮೀ ಕೊಡೋ ದೊಡ್ಡ ಡೀಸೆಲ್ ಕಾರು ಕಿಮೀಗೆ 225 ಗ್ರಾಂ ಬಿಡ್ತೈತಿ, 20 ಕೊಡೋ ಸಣ್ಣ ಪೆಟ್ರೋಲ್ ಕಾರು 115, ಯೂನಿಟ್ಟಿಗೆ 7 ಕಿಮೀ ಹೋಗೋ ಕರೆಂಟ್ ಕಾರು ಇವತ್ತಿನ ಕರೆಂಟಿನ್ಯಾಗ 100, ಮಾಳಿಗಿ ಸೋಲಾರಿಂದ ಚಾರ್ಜ್ ಮಾಡಿದ್ರ ಹತ್ತನೇ ಒಂದು ಪಾಲೂ ಇಲ್ಲ. ಪೆಟ್ರೋಲ್ ಡೀಸೆಲ್ ಕಾರು ಹಳೇದಾದಂಗ ಹೊಗಿ ಹೆಚ್ಚಾಗ್ತೈತಿ, ಕರೆಂಟ್ ಕಾರು ಹಂಗಲ್ಲ, ಗಾಳಿ ಗಿರಣಿ ಸೋಲಾರ್ ಹೆಚ್ಚಾದಂಗ ಅದಾ ಕಾರು ಸ್ವಚ್ಛ ಆಗ್ತಾ ಹೋಗ್ತೈತಿ. ನಮ್ಮ ಕೆಂಪು ಬಸ್ಸು ಲೀಟರಿಗೆ ಐದು ಕಿಮೀ ಕೊಟ್ರೂ ಐವತ್ತು ಮಂದಿ ಕುಂತಿರ್ತಾರ, ಒಬ್ಬರ ಪಾಲಿಗೆ 11 ಗ್ರಾಂ. ಈಗ ನಿಮ್ಮ ಊರಿಗೆ ರೈಲೂ ಬಂದೈತಿ.

ಒಂದು ನೋಟ್‌ಬುಕ್ ತಗೊ. ಒಂದು ತಿಂಗಳು ಅಪ್ಪಾಜಿ ಎಲ್ಲೆಲ್ಲಿ ಹೋದ್ರು, ಎಷ್ಟು ಕಿಮೀ, ಜೊತಿ ಎಷ್ಟು ಮಂದಿ ಅಂತ ದಿನಾ ರಾತ್ರಿ ಊಟದ ಹೊತ್ತಿಗೆ ಅವರನ್ನಾ ಕೇಳಿ ಬರಿ. ಏಳು ಸೀಟು ತುಂಬೋದು ವರ್ಷಕ್ಕ ಎಷ್ಟು ಸಲ, ಒಬ್ರಾ ಕೊಪ್ಪಳಕ್ಕ ಹೋಗಿ ಬರೋದು ಎಷ್ಟು ಸಲ, ಅವರಿಗಾ ಗೊತ್ತಾಗ್ತೈತಿ. ಜಾತ್ರಿಗೆ ಮದಿವಿಗೆ ದೊಡ್ಡ ಗಾಡಿ ಬಾಡಗಿ ಹಿಡಿಯೋ ಖರ್ಚೂ ಪಕ್ಕದಾಗ ಬರಿ. ಪುಟ ತುಂಬಿದ ಮ್ಯಾಲ ನನಗ ಕಳಿಸು, ಕಾರಿನ ಸಾಲದ ಕಂತಿನ ಜೊತಿ ಇಟ್ಟು ಮುಂದಿನ ಸಂಚಿಕಿಯಾಗ ಪೂರ್ತಿ ಲೆಕ್ಕ ಮಾಡಿ ಕೊಡ್ತೀನಿ.